ಸೇವು ತಿನ್ನುವ ಕಡಲಹಕ್ಕಿ

ದಿಲ್ಲಿಗೂ ಸಮುದ್ರಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಹತ್ತಿರದ ಕಡಲು ಎಂದರೆ ಕಚ್ಛ್ ಕೊಲ್ಲಿ. ಅಲ್ಲಿಗೂ ಹೆಚ್ಚುಕಮ್ಮಿ ಸಾವಿರ ಕಿಲೋಮೀಟರ್. ಹೀಗಿದ್ದೂ ನವೆಂಬರಿನಿಂದ ಮಾರ್ಚ್‌ವರೆಗೆ ಕಾಶ್ಮೀರಿ ಗೇಟಿನ ಬೆನ್ನಿಗಿರುವ ಯಮುನಾ ಘಾಟಿಗೆ ಹೋದರೆ, ಮಲ್ಪೆಯ ದಕ್ಕೆಗೆ ಬೋಟು ಬಂದಾಗ ಏಳುವ ಗಲಾಟೆಯೇ ಕಿವಿಗೆ ಬೀಳುತ್ತದೆ. ನೀರಿನ ಮೇಲೆ, ದೋಣಿಗಳ ಮೇಲೆ, ತಲೆಯ ಮೇಲೆ ಎಲ್ಲೆಲ್ಲೂ ಬಿಳಿ ರೆಕ್ಕೆ. ಮಲ್ಪೆಯಲ್ಲಿ ಅವು ಮೀನಿಗಾಗಿ ಕಿರುಚುತ್ತವೆ, ಇಲ್ಲಿ ಕಡಲೆಹಿಟ್ಟಿನ ಸೇವಿಗಾಗಿ.

ಕರಾವಳಿಯಲ್ಲಿ ಹುಟ್ಟಿ ಬೆಳೆದವನಿಗೆ ಇದನ್ನು ಕೇಳಿ ಸುಮ್ಮನಿರಲಾಗುತ್ತದೆಯೇ? ನೋಯ್ಡಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗನನ್ನು ಜನವರಿಯ ಚಳಿಯಲ್ಲಿ ನಸುಕಿಗೇ ಎಬ್ಬಿಸಿದೆ. "ಮಾವ, ಕೆಂಪುಕೋಟೆ ಬಿಟ್ಟು ಯಾರಾದ್ರೂ ಯಮುನೆ ನೋಡ್ಲಿಕ್ಕೆ ಹೋಗ್ತಾರಾ? ಮೂಗಿಗೊಂದು ಬಟ್ಟೆ ಇಟ್ಕೊಳ್ಳಿ" ಎಂದು ಗೊಣಗುತ್ತಲೇ ಜಾಕೆಟ್ ಹಾಕಿಕೊಂಡ. ಮೆಟ್ರೋ ಇಳಿದು, ಬಸ್ ನಿಲ್ದಾಣದ ಗದ್ದಲ ದಾಟಿ, ನಿಗಮಬೋಧ ಘಾಟಿನ ಸ್ಮಶಾನಕ್ಕೆ ಸೌದೆ ಸಾಗಿಸುವ ಗಾಡಿಗಳ ಪಕ್ಕದಲ್ಲೇ ನಡೆದು ಹೊಳೆಯ ದಂಡೆಗೆ ಇಳಿದೆವು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹಳೆಯ ಕಬ್ಬಿಣದ ಸೇತುವೆಯ ಮೇಲೆ ರೈಲು ಹೋದದ್ದು ಕೇಳಿಸಿತೇ ಹೊರತು ಕಾಣಿಸಲಿಲ್ಲ. ಹುಡುಗ ಹೇಳಿದ ಬಟ್ಟೆ ಉಪಯೋಗಕ್ಕೆ ಬಂತು.

ದಂಡೆಯಲ್ಲಿ ಸಾಲಾಗಿ ದೋಣಿಗಳು. ಪ್ರತಿ ದೋಣಿಯ ಅಂಚಿನಲ್ಲಿ ಸೇವಿನ ಪ್ಯಾಕೆಟ್ಟುಗಳ ಮಾಲೆ. ನಮ್ಮ ದೋಣಿಯವನು ಹುಟ್ಟು ಹಾಕುತ್ತಾ ನಡುಹೊಳೆಗೆ ಬಂದವನೇ ಗಂಟಲೆತ್ತಿ "ಆಓ, ಆಓ, ಆಓ" ಎಂದು ಕೂಗಿ ಒಂದು ಹಿಡಿ ಸೇವನ್ನು ಮೇಲಕ್ಕೆ ಎರಚಿದ. ಮಂಜಿನೊಳಗಿಂದ ಹಕ್ಕಿಗಳು ನುಗ್ಗಿ ಬಂದವು. ಬೀಳುತ್ತಿದ್ದ ಸೇವು ನೀರು ಮುಟ್ಟುವ ಮೊದಲೇ ಕೊಕ್ಕಿನಲ್ಲಿ ಮಾಯ. ಪಕ್ಕದ ದೋಣಿಯಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುತ್ತಿದ್ದ ಜೋಡಿಯೊಂದಿತ್ತು. ಕೆಂಪು ಲೆಹೆಂಗಾ ಉಟ್ಟ ಹುಡುಗಿ ನಡುಗುತ್ತಲೇ ನಗಬೇಕು, ಹುಡುಗ ಸೇವು ಎರಚಬೇಕು, ಛಾಯಾಗ್ರಾಹಕನಿಗೆ ಹಕ್ಕಿಗಳೂ ಅವಳ ನಗುವೂ ಒಂದೇ ಚೌಕಟ್ಟಿಗೆ ಬೀಳಬೇಕು. ಈ ಸರ್ಕಸ್ಸು ಮತ್ತೆ ಮತ್ತೆ ನಡೆಯುತ್ತಿತ್ತು.

ನಾನು ಹಕ್ಕಿಯ ಮುಖ ನೋಡುತ್ತಿದ್ದೆ. ಊರಿನ ಕಡಲತಡಿಯಲ್ಲಿ ಇಷ್ಟು ಹತ್ತಿರ ಇವು ಬರುವುದಿಲ್ಲ; ಇಲ್ಲಿ ಕೈಯಳತೆಯಲ್ಲೇ ಗಾಳಿಯಲ್ಲಿ ನಿಂತಿದ್ದವು. ಹೆಚ್ಚಿನವು ಕರಿತಲೆಯ ಗಲ್ಲುಗಳು. ಹೆಸರಿಗೆ ಕರಿತಲೆ, ಚಳಿಗಾಲದಲ್ಲಿ ತಲೆ ಪೂರ್ತಿ ಬಿಳಿ. ಕಣ್ಣಿನ ಹಿಂದೆ ಕಾಡಿಗೆ ತಾಗಿದಂಥ ಒಂದು ಚುಕ್ಕೆ ಮಾತ್ರ ಉಳಿದಿರುತ್ತದೆ. ಮಾರ್ಚ್ ಹೊತ್ತಿಗೆ ಆ ಚುಕ್ಕೆ ಹಬ್ಬಿ ಇಡೀ ತಲೆಗೆ ಕಂದುಗಪ್ಪಿನ ಟೊಪ್ಪಿಗೆ ಏರುತ್ತದೆ, ಹಕ್ಕಿ ಹೊರಡಲು ಸಿದ್ಧವಾಯಿತು ಎಂದರ್ಥ. ಅವುಗಳ ನಡುವೆ ತುಸು ದಪ್ಪ ಮೈಯ, ಬಿಳಿಚು ಕಣ್ಣಿನ, ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಬೊಟ್ಟಿರುವ ಇನ್ನೊಂದು ಜಾತಿ ಇತ್ತು. ಅದು ಕಂದುತಲೆಯ ಗಲ್ಲು. ಕಣ್ಣಿನ ಬಣ್ಣ ನೋಡುವುದನ್ನು ಕಲಿತರೆ ಎರಡನ್ನೂ ಬೇರೆ ಮಾಡುವುದು ಕಷ್ಟವಲ್ಲ. ಅಳಿಯ ಬೇಗ ಕಲಿತ. ಅಲ್ಲಿಂದಾಚೆ ಅವನ ಗೊಣಗಾಟ ನಿಂತಿತು.

"ಎಲ್ಲ ಸೈಬೀರಿಯಾದಿಂದ ಬಂದವು ಸಾಬ್" ಎಂದ ದೋಣಿಯವನು. ದಿಲ್ಲಿಯಲ್ಲಿ ಚಳಿಗಾಲಕ್ಕೆ ಬರುವ ಯಾವ ಹಕ್ಕಿಯನ್ನು ತೋರಿಸಿದರೂ ಅದು ಸೈಬೀರಿಯಾದ್ದೇ. ಕರಿತಲೆಯ ಗಲ್ಲುಗಳ ಮಟ್ಟಿಗೆ ಅವನ ಮಾತಿನಲ್ಲಿ ಹುರುಳಿದೆ. ಅವು ಮರಿ ಮಾಡುವುದು ಯುರೋಪು, ಏಷ್ಯಾದ ಉತ್ತರದ ಸೀಮೆಗಳಲ್ಲಿ. ಕಂದುತಲೆಯವು ಅಷ್ಟು ದೂರದ ಅತಿಥಿಗಳಲ್ಲ. ಟಿಬೆಟ್ ಪ್ರಸ್ಥಭೂಮಿಯ ಸರೋವರಗಳು ಅವುಗಳ ತವರು. ನಮ್ಮ ಲಡಾಖಿನಲ್ಲೂ, ನಾಲ್ಕೂವರೆ ಸಾವಿರ ಮೀಟರ್ ಎತ್ತರದ ತ್ಸೋ ಮೊರಿರಿ, ತ್ಸೋ ಕರ್ ಸರೋವರಗಳ ಬಳಿ ಅವು ಮೊಟ್ಟೆಯಿಡುತ್ತವೆ. ಅಲ್ಲಿ ನೀರು ಹೆಪ್ಪುಗಟ್ಟಿದಾಗ ಇಳಿದು ಬಂದು ಕೆಲವು ಯಮುನೆಯಲ್ಲಿ ಸೇವು ತಿನ್ನುತ್ತವೆ, ಕೆಲವು ನಮ್ಮ ಕರಾವಳಿಯ ಅಳಿವೆಗಳಿಗೆ ಬರುತ್ತವೆ.

ಹಕ್ಕಿ ಎಲ್ಲಿಂದ ಬಂತು ಎಂದು ತಿಳಿಯುವ ವಿದ್ಯೆ ನಮ್ಮ ದೇಶದಲ್ಲಿ ಬೆಳೆದ ಕಥೆಗೂ ಮಲೆನಾಡಿಗೂ ನಂಟಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನ ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಗುರುತಿಸಿದ ವೈರಾಣು ರಷ್ಯಾದ ಕಾಡುಗಳ ಮಿದುಳುಜ್ವರದ ವೈರಾಣುವಿಗೆ ಹತ್ತಿರದ ಸಂಬಂಧಿಯಾಗಿತ್ತು. ಅಷ್ಟು ದೂರದ ರೋಗ ಸೊರಬಕ್ಕೆ ಬಂದದ್ದಾದರೂ ಹೇಗೆ? ವಲಸೆ ಹಕ್ಕಿಗಳ ಮೈಯಲ್ಲಿ ಅಂಟಿದ ಉಣ್ಣೆಗಳು ತಂದಿರಬಹುದೇ? ಈ ಗುಮಾನಿಯಿಂದಲೇ ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪರವಾಗಿ ಸಾಲಿಂ ಅಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಗೆ ಕೈ ಹಾಕಿದರು. ಭರತಪುರದಂಥ ಕೆರೆಗಳಲ್ಲಿ ಬಲೆ ಬೀಸಿ ಹಿಡಿದ ಹಕ್ಕಿಗಳ ಕಾಲಿಗೆ ಸಂಖ್ಯೆ ಕೆತ್ತಿದ ಹಗುರ ಲೋಹದ ಉಂಗುರ ಹಾಕಿ ಬಿಟ್ಟರು. ಉಂಗುರ ಸಿಕ್ಕವರು ಮುಂಬೈಗೆ ತಿಳಿಸಬೇಕು.

ಮಂಗನ ಕಾಯಿಲೆ ಹಕ್ಕಿಯಿಂದ ಬಂತೆಂಬುದು ಸಿದ್ಧವಾಗಲಿಲ್ಲ. ಅದು ನಮ್ಮದೇ ಕಾಡಿನ ಉಣ್ಣೆಗಳ ರೋಗ. ಆದರೆ ಉಂಗುರ ತೊಡಿಸುವ ಕೆಲಸ ಬೇರೂರಿತು. ಮುಂದೆ ಅಮೆರಿಕದ ಸೇನೆಯ ಹಣವೂ ಇದರಲ್ಲಿ ಸೇರಿದ್ದರಿಂದ 1970ರ ದಶಕದ ನಡುವೆ ದಿಲ್ಲಿಯಲ್ಲಿ ಗುಲ್ಲೆದ್ದಿತು. ಹಕ್ಕಿಯ ನೆಪದಲ್ಲಿ ಜೈವಿಕ ಯುದ್ಧದ ತಯಾರಿ ನಡೆದಿದೆಯೇ ಎಂದು ಪತ್ರಿಕೆಗಳು ಬರೆದವು, ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿಚಾರಣೆ ನಡೆಸಿತು. ಯಮುನೆಯಿಂದ ಹೆಚ್ಚು ದೂರವಿಲ್ಲದ ಸಂಸತ್ತಿನಲ್ಲಿ ಬಾತುಕೋಳಿಯ ಕಾಲುಂಗುರದ ಮೇಲೆ ಪ್ರಶ್ನೋತ್ತರ ನಡೆದದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಆದರೆ ಆ ಕಾಲದ ಅನುಮಾನ ಪೂರ್ತಿ ಹುಚ್ಚೇನಲ್ಲ. ವಿಜ್ಞಾನಕ್ಕೆ ದುಡ್ಡು ಕೊಡುವವರು ಯಾರು ಎಂದು ಕೇಳುವ ಹಕ್ಕು ಜನರಿಗೆ ಇದ್ದೇ ಇದೆ.

ಉಂಗುರದ ತೊಂದರೆ ಎಂದರೆ ಅದು ಎರಡೇ ಊರಿನ ಹೆಸರು ಹೇಳುತ್ತದೆ, ತೊಡಿಸಿದ್ದು ಮತ್ತು ಸಿಕ್ಕಿದ್ದು. ನಡುವಿನ ದಾರಿ ಗೊತ್ತಾಗುವುದಿಲ್ಲ. ಈಗ ಆ ತೊಡಕಿಲ್ಲ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡಿನ ಆರ್ಕ್‌ಟಿಕ್ ರೀವ (ಟರ್ನ್) ಹಕ್ಕಿಗಳ ಕಾಲಿಗೆ 1.4 ಗ್ರಾಂ ತೂಕದ ಸಾಧನ ಕಟ್ಟಿದ್ದರು. ಅದು ಮಾಡುವುದು ಇಷ್ಟೇ: ಬೆಳಕು ಯಾವಾಗ ಬಂತು, ಯಾವಾಗ ಹೋಯಿತು ಎಂದು ಬರೆದಿಡುವುದು. ಹಗಲಿನ ಉದ್ದದಿಂದ ಅಕ್ಷಾಂಶ, ನಡುಹಗಲಿನ ಹೊತ್ತಿನಿಂದ ರೇಖಾಂಶ. ನಮ್ಮ ಪಂಚಾಂಗದವರಿಗೆ ಈ ಲೆಕ್ಕ ಹೊಸದೇನಲ್ಲ! ಹೀಗೆ ತಿಳಿದದ್ದು: ಉತ್ತರ ಧ್ರುವದ ಅಂಚಿನಿಂದ ದಕ್ಷಿಣ ಧ್ರುವದ ಅಂಚಿಗೆ ಹೋಗಿ ಮರಳುವ ಆ ಹಕ್ಕಿ ವರ್ಷಕ್ಕೆ ಸರಾಸರಿ 70,900 ಕಿಲೋಮೀಟರ್ ಹಾರುತ್ತದೆ. ನನಗೆ ಈ ಅಂಕಿಗಿಂತ ಹಿಡಿಸಿದ್ದು ಇನ್ನೊಂದು ವಿವರ. ದಕ್ಷಿಣಕ್ಕೆ ಹೊರಟ ಹಕ್ಕಿಗಳು ಉತ್ತರ ಅಟ್ಲಾಂಟಿಕ್ ನಡುವೆ ಸುಮಾರು ಒಂದು ತಿಂಗಳು ನಿಂತವು. ಅಲ್ಲಿ ದ್ವೀಪವಿಲ್ಲ, ಬಂಡೆಯಿಲ್ಲ. ಆಹಾರ ಸಮೃದ್ಧವಾದ ನೀರಿದೆ. ಹೊಟ್ಟೆ ತುಂಬಿಸಿಕೊಂಡೇ ಮುಂದಿನ ದಾರಿ ಹಿಡಿದವು.

ದಿಲ್ಲಿಯಲ್ಲೂ ಇಂಥ ಕೆಲಸ ನಡೆದಿದೆ, ಹದ್ದುಗಳ ಮೇಲೆ. ಸಂಶೋಧಕ ನಿಶಾಂತ್ ಕುಮಾರ್ ಮತ್ತು ಸಂಗಡಿಗರು ಇಲ್ಲಿ ಚಳಿಗಾಲ ಕಳೆಯುವ ವಲಸೆ ಹದ್ದುಗಳಿಗೆ ಜಿ.ಪಿ.ಎಸ್. ಕಟ್ಟಿ ನೋಡಿದರು. ಅವರ ವರದಿ 2020ರಲ್ಲಿ ಬಂತು. ಹಕ್ಕಿಗಳು ಕಾರಕೋರಂ ಶಿಖರಗಳ ನಡುವೆ ಆರು ಸಾವಿರ ಮೀಟರ್‌ಗೂ ಎತ್ತರಕ್ಕೇರಿ, ಹಿಮಾಲಯ ದಾಟಿ, 3,300ರಿಂದ 4,800 ಕಿಲೋಮೀಟರ್ ಆಚೆಯ ಕಝಾಕ್‌ಸ್ತಾನ, ದಕ್ಷಿಣ ರಷ್ಯಾ, ಮಂಗೋಲಿಯಾದ ಕಡೆ ಹೋಗಿದ್ದವು. ಅಂಥ ಪರ್ವತ ದಾಟಿ ಅವು ಬರುವುದು ಎಲ್ಲಿಗೆ? ಗಾಜಿಪುರದ ಕಸದ ಗುಡ್ಡಕ್ಕೆ. ಊರಿನಲ್ಲೇ ಗೂಡು ಕಟ್ಟುವ ಹದ್ದುಗಳ ಮೇಲೂ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಬೀದಿಯ ಕಸ, ಹಳೆದಿಲ್ಲಿಯಲ್ಲಿ ಜನ ಪುಣ್ಯಕ್ಕೆಂದು ಎಸೆಯುವ ಮಾಂಸದ ತುಣುಕು ಎಲ್ಲಿ ಹೆಚ್ಚೋ ಅಲ್ಲಿ ಗೂಡೂ ಹೆಚ್ಚು. ಹಕ್ಕಿಯ ನಕ್ಷೆಯನ್ನು ಬಿಡಿಸುವುದು ಊಟವೇ.

ದೋಣಿಯಲ್ಲಿ ಕೂತು ಇದನ್ನೇ ಅಳಿಯನಿಗೆ ಹೇಳುತ್ತಿದ್ದೆ. "ಹಾಗಾದ್ರೆ ಈ ಹಕ್ಕಿ ಬಂದದ್ದು ಸೇವಿಗಾ ಮಾವ?" ಎಂದ. ಸೇವು ಇಲ್ಲದ ಕಾಲದಲ್ಲೂ ಗಲ್ಲುಗಳು ಯಮುನೆಗೆ ಬರುತ್ತಿದ್ದವು. ಆದರೆ ಈ ಘಾಟಿನಲ್ಲಿ, ಇಷ್ಟು ಗುಂಪಾಗಿ, ಮನುಷ್ಯನ ಕೈಯಳತೆಯಲ್ಲಿ ಸುಳಿದಾಡುವುದು ಸೇವಿಗಾಗಿಯೇ. ಗಲ್ಲು ಅದಕ್ಕೆ ಹೇಳಿ ಮಾಡಿಸಿದ ಹಕ್ಕಿ. ಮೀನು, ಏಡಿ, ಎರೆಹುಳ, ಗದ್ದೆ ಉಳುವಾಗ ಮೇಲೇಳುವ ಹುಳು, ಹಾರುವ ಗೆದ್ದಲು, ಟ್ರಾಲರಿನವರು ಚೆಲ್ಲುವ ಕಸಮೀನು, ಬೇಕರಿಯ ಬನ್ನು, ಏನು ಸಿಕ್ಕರೂ ಸೈ. ಲಂಡನ್ನಿನಲ್ಲೂ ಯಮುನಾ ಘಾಟಿನ ಕಥೆಯೇ ನಡೆದಿದೆ. 1890ರ ದಶಕದ ಕೊರೆಯುವ ಚಳಿಗಾಲಗಳಲ್ಲಿ ಗಲ್ಲುಗಳು ಥೇಮ್ಸ್ ನದಿಗುಂಟ ನಗರದೊಳಕ್ಕೆ ಬಂದವು, ಕೂಲಿಕಾರರು ಸೇತುವೆಯ ಮೇಲೆ ನಿಂತು ತಮ್ಮ ಬುತ್ತಿಯ ರೊಟ್ಟಿ ಹಂಚಿಕೊಂಡರು. ಹಕ್ಕಿಗಳು ಪ್ರತಿ ಚಳಿಗಾಲಕ್ಕೂ ಬರತೊಡಗಿದವು. ಅವು ಹಾಗೆ ಬರುತ್ತಿರುವಾಗಲೇ 1957ರಲ್ಲಿ ಅಲ್ಲಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ನಗರದೊಳಗಿನ ಥೇಮ್ಸ್‌ನಲ್ಲಿ ಜೀವವೇ ಉಳಿದಿಲ್ಲ ಎಂದಿತು. ಒಳಚರಂಡಿಯ ನೀರನ್ನು ಶುದ್ಧಮಾಡಿ ಬಿಡತೊಡಗಿದ ಮೇಲೆ, 1974ರಲ್ಲಿ ಅದೇ ನದಿಯಲ್ಲಿ ಸಾಲ್ಮನ್ ಮೀನು ಸಿಕ್ಕಿತು. ನದಿ ಬದುಕಿದೆ ಎಂದು ಲಂಡನ್ನಿಗೆ ಹೇಳಿದ್ದು ಆ ಮೀನು, ಗಲ್ಲಲ್ಲ.

ಇನ್ನೊಂದು ವಿಚಿತ್ರವಿದೆ. ಸಮುದ್ರದ ಉಪ್ಪುನೀರು ಕುಡಿದು ಹಕ್ಕಿ ಹೇಗೆ ಬದುಕುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. 1950ರ ದಶಕದಲ್ಲಿ ವಿಜ್ಞಾನಿ ಕ್ನೂಟ್ ಶ್ಮಿಟ್-ನೀಲ್ಸನ್ ಅದನ್ನು ಬಿಡಿಸಿದರು. ಕಣ್ಣಿನ ಮೇಲಿರುವ ಜೋಡಿ ಗ್ರಂಥಿಗಳು ರಕ್ತದಿಂದ ಉಪ್ಪನ್ನು ಸೋಸಿ ಮೂಗಿನ ಹೊಳ್ಳೆಯಿಂದ ಹನಿಹನಿಯಾಗಿ ಹೊರಹಾಕುತ್ತವೆ. ಹಾಗಾಗಿ ಉಪ್ಪಿನ ಸೇವು ತಿಂದರೂ ಗಲ್ಲಿಗೆ ಏನಾಗುತ್ತದೆ ಎಂದು ವಾದಿಸುವವರು ಇದ್ದಾರೆ. ಉಪ್ಪಿನ ಲೆಕ್ಕ ಒಂದೇ ಆದರೆ ಸರಿ. ಎಣ್ಣೆಯಲ್ಲಿ ಕರಿದ ಹಿಟ್ಟು ಹೊಟ್ಟೆ ತುಂಬಿಸುತ್ತದೆ. ಮೀನಿನಲ್ಲಿ, ಹುಳುವಿನಲ್ಲಿ ಇರುವ ಸತ್ವ ಕೊಡುವುದಿಲ್ಲ. ಮಾರ್ಚಿನಲ್ಲಿ ಹಿಮಾಲಯ ದಾಟಬೇಕಾದ ಹಕ್ಕಿಗೆ ಜನವರಿಯಲ್ಲಿ ಬೇಕಾದ ಊಟ ಇದಲ್ಲ.

ಖಾಲಿಯಾದ ಪ್ಯಾಕೆಟ್ಟುಗಳು ಎಲ್ಲಿ ಹೋದವು ಎಂದು ಕೇಳಬೇಡಿ. ನೀರಿಗೇ ಹೋದವು, ಅಲ್ಲಿಂದ ಕಡಲಿನ ಕಡೆಗೆ. ಬಯಲು ಸಮುದ್ರದ ಪೆಟ್ರೆಲ್ ಜಾತಿಯ ಹಕ್ಕಿಗಳು ವಾಸನೆ ಹಿಡಿದು ಆಹಾರ ಹುಡುಕುತ್ತವೆ. ಸೂಕ್ಷ್ಮ ಪಾಚಿಯನ್ನು ಜಲಜೀವಿಗಳು ಮೇಯುವಾಗ ಹೊಮ್ಮುವ ಗಂಧಕದ ಒಂದು ವಾಸನೆ ಅವುಗಳಿಗೆ ಊಟದ ಕರೆ. ಸಮುದ್ರ ಸೇರಿದ ಪ್ಲಾಸ್ಟಿಕ್ಕಿನ ಮೇಲೆ ಪಾಚಿ ಬೆಳೆದರೆ ಅದಕ್ಕೂ ಅದೇ ವಾಸನೆ ಬರುತ್ತದೆ ಎಂದು 2016ರಲ್ಲಿ ಗೊತ್ತಾಯಿತು. ಅಂಟಾರ್ಕ್‌ಟಿಕಾದಲ್ಲಿ ಹುಟ್ಟಿ ನಮ್ಮ ಅರಬ್ಬೀ ಸಮುದ್ರದವರೆಗೂ ಬರುವ ವಿಲ್ಸನ್ ಪೆಟ್ರೆಲ್ ಕೂಡ ಈ ಬಳಗದ್ದೇ. ಯಮುನೆಯ ಪ್ಯಾಕೆಟ್ಟು ಗಂಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ.

ಹಕ್ಕಿ ಏನು ತಿಂದಿದೆ ಎಂದು ತಿಳಿಯಲು ಹಿಂದೆ ಹೊಟ್ಟೆ ಸೀಳುತ್ತಿದ್ದರು. ಈಗ ಉದುರಿದ ಒಂದು ಗರಿ ಸಾಕು. ಗರಿ ಬೆಳೆಯುವಾಗಿನ ಊಟದ ಗುರುತು ಅದರ ಇಂಗಾಲ, ಸಾರಜನಕದ ಪರಮಾಣುಗಳಲ್ಲಿ ಉಳಿದಿರುತ್ತದೆ. ತಿಂದದ್ದು ಸಮುದ್ರದ್ದೋ ನೆಲದ್ದೋ, ಸಣ್ಣ ಸಿಗಡಿಯೋ ಅದನ್ನು ತಿಂದ ಮೀನೋ ಎಂದು ಪ್ರಯೋಗಾಲಯದಲ್ಲಿ ಓದಬಹುದು. ದೋಣಿಯ ತಳದಲ್ಲಿ ಬಿದ್ದಿದ್ದ ಒಂದು ಗರಿಯನ್ನು ಅಳಿಯ ಎತ್ತಿಕೊಂಡ. ಬುಡ ಬಿಳಿ, ತುದಿ ಕಪ್ಪು, ದಂಟಿನ ಮೇಲೆ ಎಣ್ಣೆಯ ಜಿಡ್ಡು.

ಮಧ್ಯಾಹ್ನ ಓಖ್ಲಾಕ್ಕೆ ಹೋದೆವು. ಯಮುನೆ ದಿಲ್ಲಿ ಬಿಟ್ಟು ಉತ್ತರ ಪ್ರದೇಶಕ್ಕೆ ಕಾಲಿಡುವ ಜಾಗ. 1874ರಲ್ಲಿ ಆಗ್ರಾ ಕಾಲುವೆಗೆಂದು ಬ್ರಿಟಿಷರು ಇಲ್ಲಿ ಒಡ್ಡು ಕಟ್ಟಿದ್ದರು. 1986ರಲ್ಲಿ ಈಗಿನ ಬ್ಯಾರೇಜ್ ಬಂತು, ಹಿಂದೆ ನೀರು ನಿಂತು ಜೌಗಾಯಿತು. 1990ರಲ್ಲಿ ನಾಲ್ಕು ಚದರ ಕಿಲೋಮೀಟರನ್ನು ಪಕ್ಷಿಧಾಮವೆಂದು ಸಾರಿದರು. ಸುತ್ತ ನೋಯ್ಡಾದ ಬಹುಮಹಡಿಗಳು, ಮೇಲೆ ವಿದ್ಯುತ್ ತಂತಿ, ಕೆಳಗೆ ಅಂತರಗಂಗೆ. ಆದರೂ ಹಕ್ಕಿಗಳಿವೆ. ಜಂಬುಕೋಳಿ, ನಾಮದ ಕೋಳಿ, ಮೆಟ್ಟುಗಾಲು ಹಕ್ಕಿ, ಶೋವೆಲರ್ ಬಾತು, ನೀರುಕಾಗೆ. ಗಲ್ಲುಗಳೂ ಇದ್ದವು, ಇಲ್ಲಿ ಸೇವಿಲ್ಲದೆ ಗಂಭೀರವಾಗಿ ಕೂತಿದ್ದವು. ನಾನು ಹುಡುಕುತ್ತಿದ್ದದ್ದು ರೀವಗಳನ್ನು.

ರೀವ ಗಲ್ಲಿನ ಹತ್ತಿರದ ಬಂಧು, ಸ್ವಭಾವದಲ್ಲಿ ಮಾತ್ರ ತೀರಾ ಬೇರೆ. ಅದಕ್ಕೆ ಬೇಕಾದ್ದು ನೀರಿನೊಳಗೆ ಕಾಣುವ ಜೀವಂತ ಸಣ್ಣ ಮೀನು. ಗಾಳಿಯಲ್ಲಿ ನಿಂತು ಕೊಕ್ಕು ಕೆಳಗೆ ಮಾಡಿ ದಿಟ್ಟಿಸಿ, ಧೊಪ್ಪೆಂದು ಬೀಳುತ್ತದೆ. ನಮ್ಮ ಕಡೆಯ ಮೀನುಗಾರರು ದೂರದಲ್ಲಿ ರೀವಗಳು ಹೀಗೆ ಬೀಳುವುದನ್ನು ಕಂಡರೆ ದೋಣಿಯನ್ನು ಅತ್ತ ತಿರುಗಿಸುತ್ತಾರೆ. ಕೆಳಗೆ ಬೂತಾಯಿಯ ಹಿಂಡಿದೆ ಎಂದು ಅವರಿಗೆ ಗೊತ್ತು. ಹೊಳೆಯ ರೀವಗಳನ್ನು ಕಣ್ತುಂಬ ನೋಡಬೇಕಾದರೆ ಬೇಸಿಗೆಯಲ್ಲಿ ಲಕ್ಕವಳ್ಳಿಗೆ ಹೋಗಬೇಕು. ಭದ್ರಾ ಜಲಾಶಯದ ನೀರು ಇಳಿದು ದಿಬ್ಬಗಳು ಮೇಲೆದ್ದಾಗ ಅವು ಬರಿನೆಲದ ಮೇಲೆ ಮೊಟ್ಟೆಯಿಡುತ್ತವೆ, ಮಳೆಗಾಲದ ನೀರು ಏರುವುದರೊಳಗೆ ಮರಿಗಳಿಗೆ ರೆಕ್ಕೆ ಬರಬೇಕು. ಯಮುನೆಯ ಮರಳದಿಬ್ಬಗಳಲ್ಲೂ ಒಂದು ಕಾಲಕ್ಕೆ ರೀವಗಳ ಸಂಸಾರ ನಡೆಯುತ್ತಿತ್ತು. ದಿಲ್ಲಿಯ ಹಕ್ಕಿಗಳ ಬಗ್ಗೆ 1975ರಲ್ಲಿ ಹೊರಬಂದ ಉಷಾ ಗಂಗೂಲಿಯವರ ಪುಸ್ತಕವನ್ನು ಇಂದಿಗೂ ಇಲ್ಲಿನ ಪಕ್ಷಿವೀಕ್ಷಕರು ಕಣ್ಣಿಗೊತ್ತಿಕೊಳ್ಳುವುದು, ನಾವು ಕಳೆದುಕೊಂಡದ್ದರ ಲೆಕ್ಕ ಅದರಲ್ಲಿ ಇರುವುದಕ್ಕೇ. ಕರಿಹೊಟ್ಟೆಯ ರೀವ ಈಗ ಜಗತ್ತಿನಲ್ಲೇ ಅಳಿವಿನಂಚಿನ ಹಕ್ಕಿ. ಕೆಳಕೊಕ್ಕನ್ನು ನೀರಿಗೆ ಅದ್ದಿ ಗೀರುತ್ತಾ ಹಾರುವ ಸ್ಕಿಮ್ಮರ್ ನೋಡಲು ದಿಲ್ಲಿಯವರು ಚಂಬಲ್‌ಗೆ ಹೋಗುತ್ತಾರೆ.

ಯಮುನೆಯಿಂದ ರೀವಗಳು ಹೋದದ್ದರ ಕಾರಣ ಹುಡುಕಲು ಗರಿಯ ಪರೀಕ್ಷೆ ಬೇಡ. 1,376 ಕಿಲೋಮೀಟರ್ ಉದ್ದದ ಯಮುನೆಯಲ್ಲಿ ವಜೀರಾಬಾದಿನಿಂದ ಓಖ್ಲಾದವರೆಗಿನ ಭಾಗ ಬರೀ 22 ಕಿಲೋಮೀಟರ್. ಇಡೀ ನದಿಯ ಕೊಳೆಯಲ್ಲಿ ಮುಕ್ಕಾಲು ಪಾಲು ಸೇರುವುದು ಇಲ್ಲೇ. ವಜೀರಾಬಾದಿನಲ್ಲಿ ಕುಡಿಯಲು ನೀರೆತ್ತಿಕೊಂಡು, ಅದರ ಕೆಳಗೇ ನಜಫ್‌ಗಢ ನಾಲೆಯನ್ನು ಒಳಗೆ ಬಿಡುತ್ತಾರೆ. ಅಲ್ಲಿಂದ ಕೆಳಗೆ ವರ್ಷದ ಹೆಚ್ಚಿನ ತಿಂಗಳಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕ ಶೂನ್ಯ. ಅಂಥ ಕೆಸರಲ್ಲಿ ಬದುಕುವ ಕೆಂಪು ಹುಳುಗಳಿವೆ, ಅವನ್ನು ತಿನ್ನುವ ಹಕ್ಕಿಗಳೂ ಇವೆ. ಮೀನಿಗೆ ಅಲ್ಲಿ ಉಸಿರಿಲ್ಲ.

ಹಾಗಾಗಿ ಯಮುನಾ ಘಾಟಿನ ಆ ಸುಂದರ ಚಿತ್ರಗಳನ್ನು ನೋಡಿ, ನದಿ ಚೆನ್ನಾಗಿರುವುದರಿಂದಲೇ ಹಕ್ಕಿ ಬಂದಿದೆ ಎಂದುಕೊಳ್ಳಬಾರದು. ಏನು ಕೊಟ್ಟರೂ ತಿನ್ನುವ ಹಕ್ಕಿ ಉಳಿದಿದೆ, ಮೀನೇ ಬೇಕೆನ್ನುವ ಹಕ್ಕಿ ಹೋಗಿದೆ. ಬಿಳಿ ರೆಕ್ಕೆಗಳ ಸಂತೆಯನ್ನು ಸರ್ಕಾರದ ಜಾಹೀರಾತಿಗೆ ಹಾಕಿಕೊಳ್ಳುವುದು ಸುಲಭ. ಒಂದು ರೀವ ಈ ಘಾಟಿನೆದುರು ನೀರಿಗೆ ಧುಮುಕಿ ಮೀನಿನೊಂದಿಗೆ ಮೇಲೆದ್ದ ದಿನ ಜಾಹೀರಾತು ಕೊಡಲಿ, ನಾನೂ ಚಪ್ಪಾಳೆ ತಟ್ಟುತ್ತೇನೆ.

ದಿಲ್ಲಿಗೆ ಹೋಗುವ ಕನ್ನಡಿಗರಲ್ಲಿ ನನ್ನದೊಂದು ವಿನಂತಿ. ಚಳಿಗಾಲದಲ್ಲಿ ಯಮುನಾ ಘಾಟಿಗೆ ಖಂಡಿತ ಹೋಗಿ, ದೋಣಿಯವನಿಗೆ ಸವಾರಿಯ ದುಡ್ಡು ಕೊಡಿ, ಸೇವಿನ ಪ್ಯಾಕೆಟ್ಟು ಬೇಡವೆನ್ನಿ. ದುಡ್ಡು ಸರಿಯಾಗಿ ಸಿಕ್ಕರೆ ಅವನೂ ಒತ್ತಾಯ ಮಾಡುವುದಿಲ್ಲ. ಆಮೇಲೆ ಮೆಜೆಂಟಾ ಲೈನಿನ ಮೆಟ್ರೋ ಹತ್ತಿ ಓಖ್ಲಾ ಬರ್ಡ್ ಸ್ಯಾಂಕ್ಚುರಿ ನಿಲ್ದಾಣದಲ್ಲಿ ಇಳಿಯಿರಿ. ಪಕ್ಷಿಧಾಮ ಹತ್ತಿರದಲ್ಲೇ ಇದೆ. ಯಾವ ಹಕ್ಕಿಯ ಕಾಲಲ್ಲಾದರೂ ಉಂಗುರವೋ ಬಣ್ಣದ ಪಟ್ಟಿಯೋ ಕಂಡರೆ, ಅದರ ಮೇಲಿನ ಅಕ್ಷರ, ಅಂಕಿ, ಯಾವ ಕಾಲು, ಯಾವ ದಿನ ಎಂಬುದನ್ನು ಬರೆದುಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ.